ದಪ್ಪ ತೋಳಿನ ಪ್ರಶ್ನೆ: ದೇಹತೂಕ ಮತ್ತು ರಕ್ತದೊತ್ತಡದ ಸಂಬಂಧ ಖಚಿತವಾದ ಬಗೆ

ವಯಸ್ಕರಲ್ಲಿ ತೂಕ ಏರಿದಂತೆ ರಕ್ತದೊತ್ತಡವೂ ಏರುತ್ತದೆಂಬುದು ಇಂದು ಪಠ್ಯಪುಸ್ತಕದ ಮಾತು. ಅದು ಅಲ್ಲಿಗೆ ತಲುಪಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಳೆಯುವ ಉಪಕರಣದ ಮೇಲೇ ಇದ್ದ ಅನುಮಾನ ಇದಕ್ಕೆ ಮುಖ್ಯ ಕಾರಣ.

ಇಟಲಿಯ ಸಿಪಿಯೋನೆ ರೀವಾ-ರೋಚಿ 1896ರಲ್ಲಿ, ತೋಳಿಗೆ ಗಾಳಿಪಟ್ಟಿ ಸುತ್ತಿ ಪಾದರಸದ ಕೊಳವೆಯಲ್ಲಿ ಒತ್ತಡ ನೋಡುವ ಸಾಧನವನ್ನು ರೂಪಿಸಿದರು. ಸ್ಟೆತಸ್ಕೋಪಿನಿಂದ ಧಮನಿಯ ಸದ್ದು ಆಲಿಸುವ ಕ್ರಮವನ್ನು 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕಾಫ್ ಸೇರಿಸಿದರು. ಆದರೆ ರೀವಾ-ರೋಚಿಯವರ ಪಟ್ಟಿ ತೀರ ಕಿರಿದು. ಕಿರಿದಾದ ಪಟ್ಟಿ ಒತ್ತಡವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂದು ಫಾನ್ ರೆಕ್ಲಿಂಗ್‌ಹೌಸೆನ್ 1901ರಲ್ಲೇ ಎಚ್ಚರಿಸಿದ್ದರು. 1941ರಲ್ಲಿ ಸಂಶೋಧಕರಾದ ರಾಗನ್ ಮತ್ತು ಬೋರ್ಡ್ಲಿ ಧಮನಿಯೊಳಗೆ ಸೂಜಿಯಿಟ್ಟು ಅಳೆದ ಒತ್ತಡವನ್ನು ಪಟ್ಟಿಯ ಅಳತೆಯೊಂದಿಗೆ ಹೋಲಿಸಿದಾಗ, ಅಂತರವು ತೋಳಿನ ಸುತ್ತಳತೆಯನ್ನು ಅವಲಂಬಿಸಿದ್ದು ಕಂಡಿತು. ಹಾಗಿದ್ದರೆ ಸ್ಥೂಲಕಾಯರ ಅಧಿಕ ಒತ್ತಡವೆಂಬುದು ಅವರ ದಪ್ಪ ತೋಳಿನ ಫಲವಷ್ಟೇ ಇರಬಹುದೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ.

ಇತ್ತ ಅಮೆರಿಕದ ಜೀವವಿಮಾ ಕಂಪನಿಗಳು ಪಾಲಿಸಿದಾರರ ತೂಕ, ಒತ್ತಡ, ಸಾವು ಮೂರನ್ನೂ ದಾಖಲಿಸುತ್ತ ಬಂದಿದ್ದವು. 1959ರಲ್ಲಿ ಪ್ರಕಟವಾದ ಅವುಗಳ ಬೃಹತ್ ಅಧ್ಯಯನ ಸುಮಾರು 50 ಲಕ್ಷ ಪಾಲಿಸಿಗಳನ್ನು ಆಧರಿಸಿತ್ತು. ತೂಕ ಹೆಚ್ಚಿದ್ದವರಲ್ಲಿ ಒತ್ತಡವೂ ಹೆಚ್ಚಿತ್ತು. ಆದರೂ ವಿಮೆ ಮಾಡಿಸಿದವರು ಇಡೀ ಸಮಾಜದ ಪ್ರತಿನಿಧಿಗಳಲ್ಲ.

ಆ ಕೊರತೆಯನ್ನು ತುಂಬಿದ್ದು ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಪಟ್ಟಣ. ಅಲ್ಲಿ 1948ರಲ್ಲಿ ಆರಂಭವಾದ ಅಧ್ಯಯನಕ್ಕೆ 5,209 ಸ್ತ್ರೀಪುರುಷರು ಸೇರಿದರು. ಮೊದಲ ತಪಾಸಣೆಯಲ್ಲಿ ಒತ್ತಡ ಸಹಜವಾಗಿದ್ದರೂ ತೂಕ ಹೆಚ್ಚಿದ್ದವರಿಗೆ ಮುಂದಿನ ವರ್ಷಗಳಲ್ಲಿ ಅಧಿಕ ರಕ್ತದೊತ್ತಡ ಹೆಚ್ಚಾಗಿ ಬಂತೆಂದು ವಿಲಿಯಂ ಕ್ಯಾನಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ಈ ಇತಿಹಾಸದಲ್ಲಿ ಇದೇ ನಿಜವಾದ ತಿರುವು: ತೋಳು ಮೊದಲೂ ದಪ್ಪವೇ ಇತ್ತು, ಒತ್ತಡ ಏರಿದ್ದು ಆಮೇಲೆ. ಸ್ಥೂಲಕಾಯರಲ್ಲಿ ರಕ್ತದ ಒಟ್ಟು ಪ್ರಮಾಣವೂ ಹೃದಯ ಹೊರದೂಡುವ ರಕ್ತವೂ ಹೆಚ್ಚಿರುವುದನ್ನು ಬೇರೆ ಅಧ್ಯಯನಗಳು ಗುರುತಿಸಿದವು.

ತೂಕ ಇಳಿಸುವವರು ಊಟದೊಂದಿಗೆ ಉಪ್ಪನ್ನೂ ಕಡಿಮೆ ತಿನ್ನುತ್ತಾರೆ. ಅವರ ಒತ್ತಡ ಇಳಿಯುವುದು ತೂಕದಿಂದಲ್ಲ, ಅದರಿಂದಲೇ ಎಂಬ ವಾದವೂ ಇತ್ತು. ಎಫ್ರೈನ್ ರೈಸಿನ್ ನೇತೃತ್ವದ ಇಸ್ರೇಲಿ ತಂಡ 1978ರಲ್ಲಿ, ಉಪ್ಪಿಗೆ ಕಡಿವಾಣ ಹಾಕದೆಯೂ ತೂಕ ಇಳಿದಾಗ ಒತ್ತಡ ಇಳಿಯುತ್ತದೆಂದು ತೋರಿಸಿತು. 25 ಪ್ರಯೋಗಗಳನ್ನು ಒಟ್ಟುಗೂಡಿಸಿದ 2003ರ ವಿಶ್ಲೇಷಣೆಯ ಪ್ರಕಾರ, ಇಳಿದ ಪ್ರತಿ ಕಿಲೋಗೆ ಒತ್ತಡ ಸರಿಸುಮಾರು 1 ಮಿಲಿಮೀಟರ್ (ಪಾದರಸ) ತಗ್ಗುತ್ತದೆ.

ತೂಕ ಒತ್ತಡವನ್ನು ಏರಿಸಲು ಕಾರಣಗಳು ಹಲವು. ಮೂತ್ರಪಿಂಡದ ಸುತ್ತ ಕೂಡಿದ ಕೊಬ್ಬು ಅದನ್ನು ಅದುಮುತ್ತದೆ, ಸೋಡಿಯಂ ದೇಹದಲ್ಲೇ ಉಳಿಯುತ್ತದೆ. 1994ರಲ್ಲಿ ಪತ್ತೆಯಾದ, ಕೊಬ್ಬಿನ ಕೋಶಗಳಿಂದ ಹೊರಡುವ ಲೆಪ್ಟಿನ್ ಹಾರ್ಮೋನು ಅನುವೇದಕ (ಸಿಂಪಥೆಟಿಕ್) ನರಗಳನ್ನು ಕೆರಳಿಸುತ್ತದೆ. ಕೊಬ್ಬು ಎಲ್ಲಿದೆ ಎಂಬುದೂ ಮುಖ್ಯ. ಹೊಟ್ಟೆಯ ಕೊಬ್ಬಿನ ಅಪಾಯವನ್ನು ಫ್ರಾನ್ಸಿನ ಜಾನ್ ವಾಗ್ 1947ರಲ್ಲೇ ಗಮನಿಸಿದ್ದರು. ಒಂದೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಇದ್ದರೂ ಭಾರತೀಯರಲ್ಲಿ ಕೊಬ್ಬಿನ ಪಾಲು ಹೆಚ್ಚು. ಹೀಗಾಗಿ 2009ರಲ್ಲಿ ಭಾರತೀಯ ತಜ್ಞರು ಅಧಿಕ ತೂಕದ ಬಿಎಂಐ ಗಡಿಯನ್ನು 25ರಿಂದ 23ಕ್ಕೆ ಇಳಿಸಿದರು.

ಇಳಿದ ಒತ್ತಡ ಎಷ್ಟು ಕಾಲ ನಿಲ್ಲುತ್ತದೆಂಬುದು ಬೇರೆಯೇ ಪ್ರಶ್ನೆ. ಸ್ವೀಡನ್ನಿನಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಎಂಟು ವರ್ಷಗಳ ನಂತರವೂ ಹೊಸದಾಗಿ ಮಧುಮೇಹ ಬರುವುದು ಕಡಿಮೆಯೇ ಇತ್ತು. ಅಧಿಕ ರಕ್ತದೊತ್ತಡದಲ್ಲಿ ಮಾತ್ರ, ಶಸ್ತ್ರಚಿಕಿತ್ಸೆ ಇಲ್ಲದವರಿಗೂ ಅವರಿಗೂ ವ್ಯತ್ಯಾಸ ಉಳಿದಿರಲಿಲ್ಲ.