‘ಕೂ’ ಜಾಲತಾಣವೂ ಕನ್ನಡ ಬರಹಗಳ ಆಶ್ರಯವೂ

ಕವಿರಾಜಮಾರ್ಗವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಓಲೆಯ ಗ್ರಂಥವು ಉಳಿಯಬೇಕಾದರೆ ಮತ್ತೆ ಮತ್ತೆ ಪ್ರತಿಯಾಗಬೇಕು. ಪ್ರತಿಮಾಡುವ ಹೊಣೆಯನ್ನೆಲ್ಲ ಒಂದೇ ವ್ಯಾಪಾರಸಂಸ್ಥೆಗೆ ಬಿಟ್ಟರೆ ಏನಾಗುವುದೆಂಬುದಕ್ಕೆ ಬೆಂಗಳೂರಿನ ‘ಕೂ’ ಜಾಲತಾಣದ ಚರಿತ್ರೆಯು ಹತ್ತಿರದ ನಿದರ್ಶನ.

ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದವತ್ಕ ಎಂಬವರು 2020ರಲ್ಲಿ ಇದನ್ನು ತೆರೆದರು. ಇಂಗ್ಲಿಷು ಬಾರದವರೂ ತಂತಮ್ಮ ನುಡಿಯಲ್ಲಿ ನಾಲ್ಕು ಸಾಲು ಬರೆದು ಜನಕ್ಕೆ ಮುಟ್ಟಿಸಲೆಂಬುದು ಉದ್ದೇಶ. ಮೊದಮೊದಲಿಗೇ ಬಳಕೆಗೆ ಬಂದ ಭಾಷೆಗಳಲ್ಲಿ ಕನ್ನಡವೂ ಒಂದು. ಅದೇ ವರ್ಷ ಕೇಂದ್ರಸರ್ಕಾರದ ಆತ್ಮನಿರ್ಭರ ಆಪ್ ಸ್ಪರ್ಧೆಯಲ್ಲಿ ಇದಕ್ಕೆ ಬಹುಮಾನ ಬಂದಿತು. 2021ರಲ್ಲಿ ಸರ್ಕಾರಕ್ಕೂ ಟ್ವಿಟರಿಗೂ ವಿವಾದ ಬೆಳೆದಾಗ ಮಂತ್ರಿಗಳೂ ಇಲಾಖೆಗಳೂ ಇಲ್ಲಿಗೆ ಬಂದರು. ದೂರದ ನೈಜೀರಿಯಾ ಸರ್ಕಾರವೂ ಖಾತೆ ತೆರೆದುದು ಈ ಕಥೆಯ ವಿನೋದಗಳಲ್ಲೊಂದು.

ಏರಿಕೆಗೂ ಇಳಿತಕ್ಕೂ ಮೂಲವು ಒಂದೇ. ಬರೆಯುವವನು ಚಂದಾ ಕೊಡಲಿಲ್ಲ, ಓದುವವನೂ ಕೊಡಲಿಲ್ಲ. ವೆಚ್ಚದ ಬಹುಭಾಗವು ಬಂಡವಾಳ ಹೂಡಿದವರದು. ಹೂಡಿಕೆಯು ಬತ್ತಿದಾಗ 2023ರಲ್ಲಿ ನೌಕರರನೇಕರನ್ನು ತೆಗೆಯಬೇಕಾಯಿತು. ಅನ್ಯಸಂಸ್ಥೆಗಳೊಡನೆ ನಡೆದ ಮಾತುಕತೆಯೂ ಫಲಿಸದೆ, 2024ರ ಜುಲೈ 3ರಂದು ಸ್ಥಾಪಕರೇ ತಾಣವನ್ನು ಮುಚ್ಚುವ ಸುದ್ದಿಯನ್ನು ಪ್ರಕಟಿಸಿದರು. ಅವರ ಶ್ರದ್ಧೆಯನ್ನು ಶಂಕಿಸಲು ಕಾರಣವಿಲ್ಲ. ಆದರೆ ಬರಹಗಳ ಆಯುಸ್ಸು ಲೆಕ್ಕಪತ್ರದ ಆಯುಸ್ಸಿಗಿಂತ ದೀರ್ಘವಾಗಿರುವಂತೆ ಏರ್ಪಾಡು ಮಾಡುವುದು ಇಂಥ ಉದ್ಯಮಗಳ ಕೆಲಸವೆಂದು ಮೊದಲಿನಿಂದಲೂ ಯಾರೂ ಎಣಿಸಿದಂತೆ ತೋರುವುದಿಲ್ಲ.

ಅಮೆರಿಕದ ಜಿಯೋಸಿಟೀಸ್ ಎಂಬ ತಾಣವೂ ಹೀಗೆಯೇ ಅಳಿಯಿತು. 1994ರಲ್ಲಿ ಹುಟ್ಟಿದ ಅದನ್ನು 1999ರಲ್ಲಿ ಯಾಹೂ ಸಂಸ್ಥೆಯು ಕೊಂಡು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಏಪ್ರಿಲಿನಲ್ಲೇ ಸೂಚನೆ ದೊರೆತಿದ್ದುದರಿಂದ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡವು ಕೈಗೆ ಸಿಕ್ಕಷ್ಟು ಪುಟಗಳನ್ನು ಪ್ರತಿಮಾಡಿಕೊಂಡು ಮರುವರ್ಷ ಸಾರ್ವಜನಿಕರಿಗೆ ಒಪ್ಪಿಸಿತು. ಆ ಸಂಗ್ರಹವು ಅಪೂರ್ಣವಾದರೂ ಸಂಶೋಧಕರಿಗೆ ಇಂದು ಆಕರವಾಗಿದೆ.

‘ಕೂ’ ತಾಣದಲ್ಲಿದ್ದುದೂ ಅಂಥ ಆಕರವೇ. ಮಹಾಮಾರಿಯ ವರ್ಷಗಳಲ್ಲಿ ಪುಸ್ತಕ ಬರೆಯದ ಜನ ಬರೆದ ಕನ್ನಡ, ಮುದ್ರಣಕ್ಕೆ ಏರದ ಪ್ರಾಂತ್ಯನುಡಿ, ಕೈಬೆರಳಿಗೆ ಒಗ್ಗಿದ ಹೊಸ ಕಾಗುಣಿತ, ಇವು ಭಾಷಾಚರಿತ್ರೆಗೆ ಬೇಕಾದ ಸಾಮಗ್ರಿ. ಬರೆದವರಲ್ಲಿ ಪ್ರತಿಯಿಟ್ಟುಕೊಂಡವರನ್ನು ಹುಡುಕಿ, ಅವರಲ್ಲಿ ಉಳಿದುದನ್ನು ಒಂದು ಗ್ರಂಥಾಲಯದಲ್ಲಿ ಕೂಡಿಸಲು ಈಗಲೂ ಸಾಧ್ಯವಿದೆ.