ನೂರೆಂಟು ಮುನಿಗಳ ಕೋಟೆ

ಬೆಳಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರಿಗೆ ಕೋಟೆ ಕೂಗಳತೆಯಲ್ಲೇ ಇದೆ. ಕಂದಕ ದಾಟಿ, ಬಾಗಿಲಲ್ಲಿರುವ ದುರ್ಗಾದೇವಿಗೆ ಕೈಮುಗಿದು ಒಳಗೆ ನಡೆಯಬೇಕು. ನಾನು ಖಾನಾಪುರದ ಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಮಕ್ಕಳನ್ನು ಇಲ್ಲಿಗೆ ಕರೆತಂದಾಗಲೆಲ್ಲ ಅವರು ಮೊದಲು ಕೇಳುವುದು ತೋಪು ಎಲ್ಲಿವೆ ಎಂದು. ತೋಪಿನ ಮಾತಿಗಿಂತ ಮೊದಲು ನಾನು ಹೇಳುವುದು ನಮ್ಮ ಆಯಿಯಿಂದ ಕೇಳಿದ ಕಥೆಯನ್ನು.

ನೂರೆಂಟು ಜೈನ ಮುನಿಗಳು ಈ ದಾರಿಯಲ್ಲಿ ವಿಹಾರ ಹೊರಟವರು, ಕತ್ತಲಾಯಿತೆಂದು ಬಿದಿರ ಕಾಡಿನಲ್ಲೇ ಧ್ಯಾನಕ್ಕೆ ಕುಳಿತರಂತೆ. ಸುದ್ದಿ ತಿಳಿದ ಅರಸನಿಗೆ ಬೆಳಗಿನ ತನಕ ಕಾಯುವ ತಾಳ್ಮೆ ಇರಲಿಲ್ಲ. ಪಂಜು ಹಿಡಿಸಿಕೊಂಡು ರಾತ್ರಿಯೇ ದರ್ಶನಕ್ಕೆ ಹೋದ. ಪಂಜಿನ ಕಿಡಿ ಒಣಗಿದ ಮೆಳೆಗೆ ತಾಗಿತು. "ಬೆಂಕಿ ಮೈಮ್ಯಾಲ ಬಂದ್ರೂ ಒಬ್ಬರೂ ಏಳಲಿಲ್ಲವ್ವಾ, ಧ್ಯಾನದಾಗ ಇದ್ರು" ಎನ್ನುವಲ್ಲಿಗೆ ಆಯಿ ಮಾತು ನಿಲ್ಲಿಸಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಪಾಪ ಕಳೆಯಲು ಅರಸ ನೂರೆಂಟು ಬಸದಿ ಕಟ್ಟಿಸಿದ; ಮುಂದೆ ಬಂದವರು ಆ ಬಸದಿಗಳನ್ನು ಬಿಚ್ಚಿ ಅವುಗಳ ಕಲ್ಲಿನಿಂದ ಕೋಟೆಯ ಗೋಡೆ ಏರಿಸಿದರು ಎನ್ನುವುದು ಕಥೆಯ ಕೊನೆ.

ನೂರೆಂಟು ಬಸದಿಗಳಿದ್ದವು ಎಂದು ನಾನು ತರಗತಿಯಲ್ಲಿ ಹೇಳುವುದಿಲ್ಲ. ಆದರೆ ಒಂದನ್ನು ಕೈಯಿಂದ ಮುಟ್ಟಿಸಿ ತೋರಿಸುತ್ತೇನೆ. ಕೂಂಡಿ ಮೂರು ಸಾವಿರ ನಾಡನ್ನು ಆಳಿದ ರಟ್ಟರು ಸವದತ್ತಿಯಿಂದ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ತಂದಿದ್ದರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು ಈ ಕಮಲ ಬಸದಿ. ಕೋಟೆಯನ್ನು ಮೊದಲು ಕಟ್ಟಿಸಿದವನೂ ಅವನೇ ಎನ್ನುತ್ತಾರೆ. ಮಂಟಪದ ನಡುವೆ ನಿಂತು ಕತ್ತೆತ್ತಿ ನೋಡಬೇಕು. ಕರಿಗಲ್ಲಿನ ಕಮಲವೊಂದು ಮಾಡಿನಿಂದ ಕೆಳಗೆ ಇಳಿಬಿದ್ದಿದೆ. ಅದಕ್ಕೆ ಎಪ್ಪತ್ತೆರಡು ಎಸಳು: ಹಿಂದಿನ, ಇಂದಿನ, ಮುಂದಿನ ಕಾಲಗಳ ತಲಾ ಇಪ್ಪತ್ನಾಲ್ಕು ತೀರ್ಥಂಕರರ ಲೆಕ್ಕ. ಗರ್ಭಗುಡಿಯಲ್ಲಿ ನೇಮಿನಾಥ. ಇಷ್ಟು ಗಟ್ಟಿ ಕಲ್ಲನ್ನು ಇಷ್ಟು ತೆಳ್ಳಗೆ ಬಿಡಿಸಿದವರ ಕೈಯನ್ನು ನೆನೆದು ನಾನು ಇಂದಿಗೂ ಬೆರಗಾಗುತ್ತೇನೆ.

ಅದೇ ವರ್ಷದ ಎರಡು ಕನ್ನಡ ಶಾಸನಗಳು ಬೆಳಗಾವಿಯವು. ರಟ್ಟ ಜಿನಾಲಯಕ್ಕೆ, ಅದರ ಆಚಾರ್ಯ ಶುಭಚಂದ್ರ ಭಟ್ಟಾರಕರಿಗೆ ಕೊಟ್ಟ ಭೂಮಿಯ ವಿವರ ಅವುಗಳಲ್ಲಿದೆ. ಲಾಳ ಮತ್ತು ಮಲೆಯಾಳ ನಾಡುಗಳ ವರ್ತಕರು ಇಲ್ಲಿಯ ಪೇಟೆಯಲ್ಲಿದ್ದ ಸಂಗತಿಯೂ ಅಲ್ಲಿ ಸಿಗುತ್ತದೆ. ಎಂಟು ನೂರು ವರ್ಷದ ಹಿಂದೆ ಗುಜರಾತಿನಿಂದ, ಕೇರಳದಿಂದ ಬಂದವರು ನಮ್ಮ ಊರಲ್ಲಿ ವ್ಯಾಪಾರ ಮಾಡುತ್ತಿದ್ದರು ಎಂದರೆ ಮಕ್ಕಳ ಮುಖ ಅರಳುತ್ತದೆ. ಆ ಕಲ್ಲುಗಳು ಈಗಿರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ.

ಕಲ್ಲು ಬಿಚ್ಚಿ ಕಲ್ಲು ಕಟ್ಟಿದ ಆಯಿಯ ಮಾತಿಗೆ ಸಾಕ್ಷಿ ಕೋಟೆಯೊಳಗಿನ ಸಫಾ ಮಸೀದಿ. ಇರಾನಿನ ಲಾರ್ ಸೀಮೆಯ ಮೂಲದ ಅಸದ್ ಖಾನ್ ಲಾರಿ ಆದಿಲ್‌ಶಾಹಿಯ ದೊಡ್ಡ ಸರದಾರ. ಬೆಳಗಾವಿ ಅವನ ಜಹಗೀರು. 1519ರಲ್ಲಿ ಅವನು ಕಟ್ಟಿಸಿದ ಈ ಮಸೀದಿಯಲ್ಲಿ ಹಳೆಯ ಗುಡಿಗಳ ಕಂಬಗಳಿವೆ. ಒಂದರ ಮೇಲೆ 1199ರ ರಟ್ಟರ ಬರಹ, ಇನ್ನೊಂದರ ಮೇಲೆ ಯಾದವ ದೊರೆ ಕೃಷ್ಣನ ಕಾಲದ 1261ರ ಬರಹ. ಅಕ್ಷರಗಳನ್ನು ಯಾರೂ ಕೆತ್ತಿ ಅಳಿಸಲಿಲ್ಲ. ಅದು ನನಗೆ ದೊಡ್ಡ ಸಂಗತಿ.

ಇನ್ನು ಯುದ್ಧ. 1473ರ ಸುಮಾರಿಗೆ ಬಹಮನಿಗಳ ಮಂತ್ರಿ ಮಹಮೂದ್ ಗವಾನನ ದಂಡು ಕೋಟೆಯನ್ನು ಸುತ್ತಿ, ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದಿಟ್ಟು ಸಿಡಿಸಿತು. ದಖ್ಖನಿನಲ್ಲಿ ಅದು ಹೊಸ ವಿದ್ಯೆ. ಆಮೇಲೆ ಆದಿಲ್‌ಶಾಹಿ, ಮೊಘಲರು, ಮರಾಠರು. 1818ರಲ್ಲಿ ಕೋಟೆ ಪೇಶ್ವೆಯ ಕೈಯಲ್ಲಿದ್ದಾಗ ಅದರ ಮುಂದೆ ಬಂದು ನಿಂತವನು ಥಾಮಸ್ ಮನ್ರೋ, ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನವನು. ರೈತವಾರಿ ಕಂದಾಯದಿಂದ ಹೆಸರಾದ ಅದೇ ಮನ್ರೋ. ಅವನ ಬಳಿ ಸಿಪಾಯಿಗಳು ಕಡಿಮೆ. ಊರೂರಿನಲ್ಲಿ ಪೇದೆಗಳನ್ನು ಕೂಡಿಸಿಕೊಂಡು ಧಾರವಾಡ ಸೀಮೆಯ ಠಾಣ್ಯಗಳನ್ನು ಒಂದೊಂದಾಗಿ ಹಿಡಿಯುತ್ತ ಬಂದಿದ್ದ. ಇಪ್ಪತ್ತೊಂದು ದಿನ ತಡೆದುಕೊಂಡ ಕೋಟೆ ಏಪ್ರಿಲ್ 10ರಂದು ಶರಣಾಯಿತು. ಆರು ವರ್ಷದಲ್ಲೇ ಕಿತ್ತೂರು ಇಂಗ್ಲಿಷರ ವಿರುದ್ಧ ಎದ್ದಿತು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಇಂಗ್ಲಿಷರು ಎರಡನೆಯ ಬಾರಿ ಏರಿ ಬಂದಾಗ ಬಿದ್ದವರಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಒಬ್ಬ. ಬೆಳಗಾವಿ ಗೆದ್ದವನ ಸೋದರ ಸಂಬಂಧದ ಮಗ.

ಇಪ್ಪತ್ತೊಂದು ದಿನ ತೋಪು ಹಾರಿದ ಊರಿನಲ್ಲಿ ಮನ್ರೋನ ಮುತ್ತಿಗೆಯ ಬಗ್ಗೆ ಒಂದು ಕಥೆಯನ್ನೂ ನಾನು ಹಿರಿಯರ ಬಾಯಲ್ಲಿ ಕೇಳಿಲ್ಲ. ಸುಟ್ಟುಹೋದ ಮುನಿಗಳನ್ನು ಆಯಿಯಂಥವರು ನೆನಪಿಟ್ಟರು. ನಮ್ಮ ಖಾನಾಪುರ ತಾಲೂಕಿನಲ್ಲೂ ಅದೇ ನಡೆದಿದೆ. ಪೋರ್ಚುಗೀಸರ ಮೇಲೆ ಕಣ್ಣಿಡಲು ಶಿವಾಜಿಯ ಕಾಲದಲ್ಲಿ ಎದ್ದ ಭೀಮಗಡ ಇಂದು ಅಭಯಾರಣ್ಯದ ನಡುವೆ ಇದೆ. ಅದರ ಸುದ್ದಿ ಎತ್ತುವವರು ಕಡಿಮೆ. ನಂದಗಡದ ಹೆಸರು ಮಾತ್ರ ಎಲ್ಲರ ಬಾಯಲ್ಲಿದೆ. ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಅಲ್ಲಿಯೇ. ಸಮಾಧಿಯ ಆಲದ ಮರವನ್ನು ಅವನ ಜೊತೆಗಾರನೊಬ್ಬ ನೆಟ್ಟನೆಂದು ಜನ ನಂಬಿದ್ದಾರೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅದಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಸತ್ತವನ ಧೈರ್ಯ ತಮ್ಮ ಮನೆಯಲ್ಲಿ ಹುಟ್ಟಲಿ ಎಂಬ ಆಸೆ ಅದು.

ಅದಕ್ಕೇ ನಾನು ಮಕ್ಕಳಿಗೆ ಶಾಸನವನ್ನೂ ಹೇಳುತ್ತೇನೆ, ಕಥೆಯನ್ನೂ ಬಿಡುವುದಿಲ್ಲ. ಬಸದಿಗೆ ಏನು ಕೊಟ್ಟರು ಎಂದು ಶಾಸನ ಹೇಳುತ್ತದೆ. ತನ್ನ ಅವಸರಕ್ಕೆ ಬದುಕಿಡೀ ಮರುಗಿದ ಅರಸನೊಬ್ಬನನ್ನು ಜನ ಕಲ್ಪಿಸಿಕೊಂಡದ್ದು ಕಥೆಯಲ್ಲಿ. ನನ್ನ ಬೇಡಿಕೆ ಒಂದಿದೆ. ಲಂಡನ್ನಿನಲ್ಲಿರುವ ಆ ಎರಡು ಶಾಸನಗಳ ಪೂರ್ತಿ ಪಾಠವನ್ನು, ಇಂದಿನ ಕನ್ನಡದ ತಿಳಿಯಾದ ಅರ್ಥದ ಜೊತೆಗೆ, ಏಳನೆಯ ತರಗತಿಯ ಹುಡುಗಿ ನಿಂತು ಓದುವ ಎತ್ತರದಲ್ಲಿ ಕಮಲ ಬಸದಿಯ ಅಂಗಳದಲ್ಲಿ ಇಡಬೇಕು.