ಮುಕ್ತ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಸ್ಮೃತಿ ಪರಿಣಾಮಗಳ ಮಾಪನ

ಸುತ್ತಲಿನ ಪರಿಸರದೊಡನೆ ಅಂತರ್ಕ್ರಿಯೆ ನಡೆಸುವ ಕ್ವಾಂಟಮ್ ವ್ಯವಸ್ಥೆಯನ್ನು ಮುಕ್ತ ಕ್ವಾಂಟಮ್ ವ್ಯವಸ್ಥೆ ಎನ್ನುತ್ತಾರೆ. ಪರಿಸರಕ್ಕೆ ಹರಿದುಹೋದ ಮಾಹಿತಿ ಮರಳಿ ಬಾರದಿದ್ದರೆ ಅದರ ವಿಕಾಸವು ಮಾರ್ಕೋವಿಯನ್, ಅಂದರೆ ಸ್ಮೃತಿರಹಿತ.

ಮಾಹಿತಿಯ ಮರುಹರಿವನ್ನು ಅಳೆಯುವ ವಿಧಾನವೊಂದನ್ನು 2009ರಲ್ಲಿ ಬ್ರೋಯರ್, ಲೈನೆ ಮತ್ತು ಪೀಲೊ ಸೂಚಿಸಿದರು. ಇದಕ್ಕೆ ಆಧಾರ ಎರಡು ಸ್ಥಿತಿಗಳ ನಡುವಿನ ಟ್ರೇಸ್ ದೂರ. ಅದು 0 ಆದರೆ ಸ್ಥಿತಿಗಳನ್ನು ಬೇರ್ಪಡಿಸಿ ಗುರುತಿಸುವುದು ಅಸಾಧ್ಯ. 1 ಆದರೆ ಒಂದೇ ಮಾಪನದಲ್ಲಿ ನಿಸ್ಸಂದೇಹವಾಗಿ ಗುರುತಿಸಬಹುದು. ಸ್ಮೃತಿರಹಿತ ವಿಕಾಸದಲ್ಲಿ ಈ ದೂರ ಎಂದಿಗೂ ಹೆಚ್ಚದು. ಅದು ಹೆಚ್ಚಿದ ಅವಧಿಗಳ ಏರಿಕೆಯನ್ನೆಲ್ಲ ಕೂಡಿಸಿದಾಗ, ಆರಂಭಿಕ ಸ್ಥಿತಿಗಳ ಎಲ್ಲ ಜೋಡಿಗಳಲ್ಲಿ ದೊರೆಯುವ ಗರಿಷ್ಠ ಮೊತ್ತವೇ ಸ್ಮೃತಿಯ ಅಳತೆ. 2011ರ ಪ್ರಯೋಗವೊಂದರಲ್ಲಿ ಫೋಟಾನಿನ ಧ್ರುವೀಕರಣವನ್ನು ವ್ಯವಸ್ಥೆಯಾಗಿಯೂ ಅದರ ಆವರ್ತನವನ್ನು ಪರಿಸರವಾಗಿಯೂ ಬಳಸಿ ಇದನ್ನು ಅಳೆಯಲಾಯಿತು.

ಆದರೆ ಈ ಅಳತೆ ಸೊನ್ನೆಯಾದ ಮಾತ್ರಕ್ಕೆ ಸ್ಮೃತಿ ಇಲ್ಲವೆನ್ನಲಾಗದು. 2010ರಲ್ಲಿ ರಿವಾಸ್, ಹುಎಲ್ಗಾ ಮತ್ತು ಪ್ಲೆನಿಯೊ ನೀಡಿದ ಮಾನದಂಡ ಹೆಚ್ಚು ಕಟ್ಟುನಿಟ್ಟಾದುದು: ವಿಕಾಸವನ್ನು ಯಾವ ಕ್ಷಣದಲ್ಲಿ ತುಂಡರಿಸಿದರೂ ಪ್ರತಿ ತುಂಡೂ ತಾನೇ ತಾನಾಗಿ ಭೌತಿಕವಾಗಿ ಸಾಧ್ಯವಿರುವ ಪ್ರಕ್ರಿಯೆಯಾಗಿರಬೇಕು. 2014ರಲ್ಲಿ ವಿವರಿಸಲಾದ ಕ್ಯೂಬಿಟ್ ಮಾದರಿಯೊಂದರಲ್ಲಿ ಒಂದು ಕ್ಷಯದರ ಸದಾ ಋಣಾತ್ಮಕ. ಅಲ್ಲಿ ಟ್ರೇಸ್ ದೂರ ಒಮ್ಮೆಯೂ ಏರುವುದಿಲ್ಲ. ಆದರೂ ಈ ಎರಡನೆಯ ಮಾನದಂಡದಂತೆ ಆ ವಿಕಾಸ ಯಾವ ಕ್ಷಣದಲ್ಲೂ ಸ್ಮೃತಿರಹಿತವಲ್ಲ.